ಐದು ಮಕ್ಕಳ ಮನೆಯೇ ಇಲ್ಲದ ಊರು

ನನ್ನ ಗಂಡ ತಿಜಾನಿ ಮೂವತ್ತೊಂದು ವರ್ಷ ಜನರ ಮನೆ ಬಾಗಿಲು ತಟ್ಟಿದರು. ಎಣಿಕೆ ಕಚೇರಿಯ ನೌಕರಿ. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ, ತಿಂಗಳಿಗೆ ಎಣ್ಣೆ ಎಷ್ಟು ಎಂದು ಕೇಳಿ ಬರೆದುಕೊಂಡು ಬರುವುದು. ತಟ್ಟಿದ ಬಾಗಿಲುಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದರು. ಹದಿನೆಂಟು ಸಾವಿರದ ನಾನೂರ ಆರು. ಅದರಲ್ಲಿ ಒಂದನ್ನೂ ಅವರು ಕಾಫಿ ಅಂಗಡಿಯಲ್ಲಿ ಕೂತು ಬರೆಯಲಿಲ್ಲ.

ಇದನ್ನು ಹೇಳುವುದಕ್ಕೇ ನಾನು ಬರೆಯಲು ಕೂತದ್ದು. ಅವರು ತೀರಿಕೊಂಡ ನಲವತ್ತನೆಯ ದಿನ ಅಂಗಳದಲ್ಲಿ ಗಂಡಸರು ಊಟಕ್ಕೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಧಿ ರವೆಯ ಕುಸ್‌ಕುಸ್ ತಟ್ಟೆ ತುಂಬಿಸಿ ಕೊಡುತ್ತಿದ್ದೆ. ಬಲೆ ಹೆಣೆಯುವ ಒಬ್ಬ ಮುದುಕ, ಒಳ್ಳೆಯ ಮನುಷ್ಯನೇ, ಹೇಳಿದ: “ದೇವರು ಅವನಿಗೆ ಒಳ್ಳೇದು ಮಾಡ್ಲಿ. ಕಾಫಿ ಅಂಗಡೀಲಿ ಕೂತು ಊರನ್ನೆಲ್ಲ ಎಣಿಸಿದ ಪುಣ್ಯಾತ್ಮ.” ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ಆ ಮುದುಕನ ತಟ್ಟೆ ಇನ್ನೂ ನನ್ನ ಕೈಯಲ್ಲಿತ್ತು. ಅದರ ಮೇಲಿನ ಮಾಂಸವನ್ನು ತೆಗೆದು ಪಾತ್ರೆಗೆ ಹಾಕಿ ತಟ್ಟೆ ಕಳಿಸಿದೆ.

ಮೊದಲನೆಯ ಮಾತು, ಕಾಫಿ ಅವರ ಹೊಟ್ಟೆಗೆ ಆಗುತ್ತಿರಲಿಲ್ಲ. ಎರಡನೆಯದು, ತಪ್ಪು ನನ್ನದು.

ನಾನು ಶಾಲೆಗೆ ಹೋದದ್ದು ಎರಡು ವರ್ಷ. ಉಳಿದ ಅಕ್ಷರ ಅವರೇ ಕಲಿಸಿದರು, ಕಚೇರಿಯಲ್ಲಿ ಹಾಳಾದ ನಮೂನೆಗಳ ಬೆನ್ನ ಮೇಲೆ. ತಪ್ಪಿದ್ದರೆ ತಿದ್ದಿಕೊಳ್ಳಿ. ಮೇಲಿನ ತಲೆಬರಹ ನನ್ನ ಮಗಳು ಜಮೀಲಾ ಹಾಕಿದ್ದು. ನನಗೆ ಕೈ ಬರಲಿಲ್ಲ.

ಅವರಿಗೆ ಎಣಿಸುವ ಚಾಳಿ ನೌಕರಿಗೆ ಮುಂಚಿನಿಂದಲೂ ಇತ್ತು. ಮದುವೆಯ ದಿನ ನಮ್ಮ ಮನೆ ಬಾಗಿಲಿನಿಂದ ಕಾರಿನವರೆಗೆ ನನ್ನ ಅಮ್ಮ ಎಷ್ಟು ಸಲ ಅತ್ತಳು ಎಂದು ಎಣಿಸಿ, ಕಾರಿನಲ್ಲಿ ನನಗೆ ಹೇಳಿದರು. ಅದು ಅವರು ನನಗೆ ಹೇಳಿದ ಮೊದಲ ಮಾತು. “ಏಳು ಸಲ.” ನಾನು ಗಾಬರಿಯಾಗಿ ಕಿಟಕಿಯ ಕಡೆ ತಿರುಗಿದೆ. ಅವರು ಸಮಾಧಾನ ಮಾಡಿದರು: “ನಿಮ್ಮ ಅಕ್ಕನ ಮದುವೇಲಿ ಒಂಬತ್ತು ಸಲ ಅತ್ತಿದ್ರಂತೆ. ಕಡಿಮೆ ಆಗ್ತಾ ಇದೆ.”

ನಮಗೆ ಮಕ್ಕಳು ಒಂದು ಕೈಯಷ್ಟು. ಎಷ್ಟು ಎಂದು ನಿಮಗೆ ಗೊತ್ತಾಯಿತಲ್ಲ. ನಮ್ಮ ಕಡಲತೀರದ ಊರು ಮಹ್ದಿಯಾದಲ್ಲಿ ಆ ಅಂಕಿಯನ್ನು ಮೊಟ್ಟೆಗೆ ಹೇಳಬಹುದು, ಮೀನಿಗೆ ಹೇಳಬಹುದು. ಮಕ್ಕಳಿಗೆ ಹೇಳಬಾರದು. ಹೇಳಿದರೆ ಎದುರಿಗೆ ನಿಂತವನ ಮುಖಕ್ಕೆ ಅಂಗೈ ಚಾಚಿ, ನಿನ್ನ ಕೆಟ್ಟ ಕಣ್ಣು ನನ್ನ ಮಕ್ಕಳ ಮೇಲೆ ಬೀಳದಿರಲಿ ಎಂದು ಬೈದಂತೆ. ಬಾಗಿಲಿಗೆ ಬಂದ ಮನುಷ್ಯನಿಗೆ ಹಾಗೆ ಮಾಡುವುದುಂಟೆ? ಅದಕ್ಕೆ ಯಾರೂ ಹೇಳುವುದಿಲ್ಲ. ಹೇಳುವುದಿಲ್ಲ ಎಂಬುದೂ ಯಾರಿಗೂ ನೆನಪಿರುವುದಿಲ್ಲ. ಉಸಿರಾಡಿದ ಹಾಗೆ.

ಒಂದು ಸಲ ಶಾಲೆ ಶುರುವಾಗುವ ವಾರ ಅವರು ಪೇಟೆಯಿಂದ ಹೆಗಲ ಮೇಲೆ ಚೀಲ ಹೊತ್ತು ಬಂದರು.

“ಮಬ್ರೂಕಾ, ಸರಾಸರಿ ಅಂದ್ರೆ ಏನು ಗೊತ್ತಾ?”

“ಗೊತ್ತಿಲ್ಲ, ಸೀ ತಿಜಾನಿ. ಬೂಟು ತಂದ್ರಾ?” ಗಂಡಸರ ಹೆಸರಿನ ಮುಂದೆ ಸೀ ಎನ್ನುವುದು ನಮ್ಮಲ್ಲಿ ಮರ್ಯಾದೆ.

“ಅದನ್ನೇ ಹೇಳ್ತಾ ಇರೋದು.”

ದೊಡ್ಡವಳು ಸಾಲ್ಹಾಳ ಕಾಲು ಮೂವತ್ತೊಂಬತ್ತು ನಂಬರು. ರಿಧಾನದು ಮೂವತ್ತೇಳು. ಜಮೀಲಾಳದು ಮೂವತ್ತೆರಡು. ನಾಜಿಯದು ಮೂವತ್ತೊಂದು. ಪುಟ್ಟ ಹಯಾತಳದು ಇಪ್ಪತ್ತಾರು. ಅಂಗಡಿಯವನು ಒಂದೇ ನಂಬರಿನದಾದರೆ ಅಗ್ಗಕ್ಕೆ ಕೊಡುತ್ತೇನೆ ಎಂದನಂತೆ. ಇವರು ಅಲ್ಲೇ ನಿಂತು ಎಲ್ಲ ಕೂಡಿಸಿ ಭಾಗಿಸಿದ್ದಾರೆ. ಮೂವತ್ತಮೂರು ಬಂದಿದೆ. ಎಲ್ಲರಿಗೂ ಮೂವತ್ತಮೂರು.

ಒಬ್ಬರಿಗೂ ಸರಿಯಾಗಲಿಲ್ಲ. ಸಾಲ್ಹಾಳ ಹಿಮ್ಮಡಿ ಹೊರಗೆ, ಹಯಾತ್ ಇಡೀ ಬೂಟಿನ ಒಳಗೆ. ಇವರು ಕಾಗದ ತೆಗೆದು ಮತ್ತೆ ಭಾಗಿಸಿದರು. “ಲೆಕ್ಕ ಸರೀನೇ ಇದೆ.” ಆಮೇಲೆ ಮಕ್ಕಳನ್ನು ಕಾಲಿನ ಅಳತೆಯ ಪ್ರಕಾರ ಗೋಡೆಗೆ ಸಾಲಾಗಿ ನಿಲ್ಲಿಸಿದರು. ನಟ್ಟ ನಡುವೆ ಜಮೀಲಾ ನಿಂತಳು. “ಇವಳನ್ನ ನೋಡಿ ತರಬೇಕಿತ್ತು. ಕೂಡಿಸಿ ಭಾಗಿಸೋದಕ್ಕಿಂತ ನಡುವೆ ನಿಂತವರನ್ನ ಕೇಳೋದೇ ವಾಸಿ, ಒಂದೊಂದು ಸಲ.”

“ಆಗ ಜಮೀಲಾಗಾದ್ರೂ ಆಗ್ತಿತ್ತು,” ಎಂದೆ.

ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಕಾಲು ಚಾಚಿದರು. ಅವರಿಗೆ ಹೇಳಿ ಮಾಡಿಸಿದ ಹಾಗೆ ಆಯಿತು. “ನನ್ನ ಮಗ ತಾಯೀನ ಮರೆಯೋಲ್ಲ,” ಎಂದರು. ಸಾಯುವವರೆಗೂ ಅವರ ಕಾಲಲ್ಲಿ ಶಾಲೆಯ ಬೂಟೇ. ಅವರನ್ನು ಮಣ್ಣು ಮಾಡಿದ ದಿನ ಎರಡು ಜೊತೆ ಇನ್ನೂ ಹೊಸದಾಗಿ ಉಳಿದಿತ್ತು.

ಇನ್ನೊಂದು ಸಲ ಮಕ್ಕಳಿಗೆಲ್ಲ ಕೆಮ್ಮು. ನಾನು ಎಲ್ಲರಿಗೂ ಒಂದೊಂದು ಚಮಚ ಆಲಿವ್ ಎಣ್ಣೆ ಕುಡಿಸಲು ಹೋದೆ. ಇವರು ಕೈ ಹಿಡಿದರು. “ಎಲ್ಲರಿಗೂ ಕೊಟ್ರೆ ಎಣ್ಣೆಯಿಂದ ವಾಸಿ ಆಯ್ತೋ, ತಾನಾಗೇ ವಾಸಿ ಆಯ್ತೋ ಹೇಗೆ ಗೊತ್ತಾಗುತ್ತೆ?” ಚೀಟಿ ಎತ್ತಿಸಿದರು. ನಾಜಿ, ಹಯಾತ್‌ಗೆ ಎಣ್ಣೆ. ಸಾಲ್ಹಾ, ರಿಧಾಗೆ ಇಲ್ಲ. ಜಮೀಲಾ ಮಿಕ್ಕಳು. ಅವಳಿಗೆ ಯಾರು ಎಷ್ಟು ಸಲ ಕೆಮ್ಮಿದರು ಎಂದು ಗೀಟು ಹಾಕುವ ಕೆಲಸ.

ನಾಲ್ಕನೆಯ ದಿನಕ್ಕೆ ಎಣ್ಣೆ ಕುಡಿಯದವರು ವಾಸಿಯಾದರು. ಕುಡಿದವರು ಕೆಮ್ಮುತ್ತಲೇ ಇದ್ದರು. ಇವರು ಸಂಭ್ರಮದಿಂದ ಪುಸ್ತಕದಲ್ಲಿ ಬರೆದರು: ಎಣ್ಣೆ ಕೆಮ್ಮನ್ನು ಹೆಚ್ಚು ಮಾಡುತ್ತದೆ. ನಾನು ಎಣ್ಣೆಯ ಜಾಡಿ ತಂದು ಮುಂದಿಟ್ಟೆ. ಒಂದು ಗೇಣು ಇಳಿದಿತ್ತು. ಎಣ್ಣೆ ಸಿಗದ ಇಬ್ಬರೂ ಮಧ್ಯಾಹ್ನ ನಾನು ಬಾವಿಗೆ ಹೋದಾಗ ಬ್ರೆಡ್ಡು ಅದ್ದಿಕೊಂಡು ತಿಂದಿದ್ದರು. ಎಣ್ಣೆ ಸಿಕ್ಕಿದ ಇಬ್ಬರು ನನ್ನ ಬೆನ್ನ ಹಿಂದೆ ಉಗಿದಿದ್ದರು. ಜಮೀಲಾಗೆ ಎಲ್ಲ ಗೊತ್ತಿತ್ತು.

“ಯಾಕೆ ಹೇಳಲಿಲ್ಲ?” ಎಂದು ಕೇಳಿದರು.

“ನೀವು ಕೆಮ್ಮು ಎಣಿಸು ಅಂದ್ರಿ. ಎಣಿಸಿದೆ.”

ಇವರು ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿದರು. “ಇವಳು ನಮ್ಮ ಕಚೇರಿಗೆ ಸರಿಯಾದವಳು,” ಎಂದರು.

ಈಗ ಆ ವರ್ಷದ ಮಾತು. ಎಪ್ಪತ್ತೆಂಟನೆಯ ಇಸವಿ. ಯಾವ ಊರಿನಲ್ಲಿ ಮನೆಗೆ ಎಷ್ಟು ಮಕ್ಕಳು ಎಂದು ರಾಜಧಾನಿಯವರಿಗೆ ಬೇಕಾಗಿತ್ತು. ಮಹ್ದಿಯಾದಲ್ಲಿ ಎಲ್ಲ ಮನೆಗೂ ಹೋಗುವುದು ಬೇಡ, ಹತ್ತಕ್ಕೆ ಒಂದು ಬಾಗಿಲು ಸಾಕು ಎಂದು ಅಪ್ಪಣೆ. ನನಗೆ ಅದು ಹಿಡಿಸಲಿಲ್ಲ.

“ಮೀನಿನ ಪೆಟ್ಟಿಗೆ ಮೇಲಿನ ಸಾಲು ನೋಡಿ ತಗೊಂಡ್ರೆ ಕೆಳಗೆ ಕೊಳೆತಿರುತ್ತೆ,” ಎಂದೆ.

“ಅದಕ್ಕೇ ನಾವು ಆರಿಸೋ ಹಾಗಿಲ್ಲ. ಹತ್ತನೇ ಬಾಗಿಲು ಅಂದ್ರೆ ಹತ್ತನೇ ಬಾಗಿಲೇ. ನಾಯಿ ಇದ್ರೂ ಅದೇ, ಜಗಳಗಂಟಿ ಇದ್ರೂ ಅದೇ. ಬಾಗಿಲು ತೆಗೆಯೋ ಮನೆಗೇ ಹೋಗ್ತಾ ಇದ್ರೆ, ಬಾಗಿಲು ತೆಗೆಯೋರ ಲೆಕ್ಕ ಸಿಗುತ್ತೆ, ಊರಿನ ಲೆಕ್ಕ ಸಿಗೋಲ್ಲ.”

ಹಾಗೇ ಮಾಡಿದರು. ಮುನ್ನೂರ ಹನ್ನೆರಡು ಮನೆ, ಎರಡು ತಿಂಗಳು. ತೆಗೆಯದ ಬಾಗಿಲಿಗೆ ಮೂರು ಸಲ, ನಾಲ್ಕು ಸಲ ಹೋದರು. ಒಂದು ನಾಯಿ ಕಚ್ಚಿತು. ಗಾಯ ತೊಳೆಯುತ್ತಿದ್ದ ನನ್ನ ಹತ್ತಿರ, “ಆ ಮನೇಲಿ ಮೂರು ಮಕ್ಕಳು,” ಎಂದು ತೃಪ್ತಿಯಿಂದ ಹೇಳಿದರು.

ಒಂದು ಮನೆ ಮಾತ್ರ ಅವರು ಬರೆಯುವಂತಿರಲಿಲ್ಲ. ಹತ್ತನೆಯ ಬಾಗಿಲುಗಳಲ್ಲಿ ನಮ್ಮದೂ ಬಿದ್ದಿತ್ತು. ಸ್ವಂತ ಮನೆಗೆ ಬೇರೆಯವರು ಹೋಗಬೇಕು, ಆ ಕಾಗದ ಇವರ ಕೈಗೆ ಬರದೆ ನೇರವಾಗಿ ರಾಜಧಾನಿಗೆ ಹೋಗಬೇಕು ಎಂದು ನಿಯಮ. ಅದಕ್ಕೆ ಅವರ ಜೊತೆಯವ ಲಸ್ಸಾದ್ ಬಂದ. ನಮ್ಮ ಮನೆಯಲ್ಲಿ ನೂರು ಸಲ ಉಂಡವನು. ಆದರೂ ಅವತ್ತು ಕೈಯಲ್ಲಿ ಹಲಗೆ, ಅದರ ಮೇಲೆ ಕಾಗದ, ಕಿವಿಯಲ್ಲಿ ಪೆನ್ನು. ಹೊಸ್ತಿಲ ಆಚೆಯೇ ನಿಂತ.

“ಅತ್ತಿಗೆ, ಮಕ್ಕಳೆಷ್ಟು?”

ಜಮೀಲಾ ಆ ಚಳಿಗಾಲದಲ್ಲಿ ವಿಷಮಶೀತ ಜ್ವರ ಬಂದು ಸತ್ತು ಬದುಕಿದ್ದಳು. ಕೂದಲು ಇನ್ನೂ ಪೂರ್ತಿ ಬಂದಿರಲಿಲ್ಲ. ನನ್ನ ಬಾಯಲ್ಲಿ ಆ ಅಂಕಿ ಬರುವುದು ಹೇಗೆ? ಅದೂ ಕಾಗದದ ಮೇಲೆ ಬರೆಯುವವನ ಎದುರಿಗೆ.

“ನಾಲ್ಕು,” ಎಂದೆ.

ಲಸ್ಸಾದ್ ಬರೆದುಕೊಂಡ. ಆಗ ನನ್ನ ಬೆನ್ನ ಹಿಂದಿನಿಂದ ಜಮೀಲಾ ತಲೆ ಹಾಕಿದಳು.

“ಅಮ್ಮಾ, ಯಾರನ್ನ ಬಿಟ್ಟೆ?”

“ಒಳಗೆ ಹೋಗೇ.” ಲಸ್ಸಾದನಿಗೆ ಹೇಳಿದೆ, “ಪಕ್ಕದ ಮನೆಯವಳು.”

ಲಸ್ಸಾದ್ ಅವಳನ್ನು ನೋಡಿದ. ಅವಳು ಹುಟ್ಟಿದಾಗ ಸಿಹಿ ಹಂಚಲು ಹೋದವನೇ ಅವನು. “ಹೇಳಿದ್ದನ್ನ ಬರೆಯೋದು ನಮ್ಮ ಕೆಲಸ, ಅತ್ತಿಗೆ,” ಎಂದು ನೆಲ ನೋಡುತ್ತ ಹೋದ. ಆ ಅಂಕಿ ಹೇಳಬಾರದು ಎಂದು ಕಲಿಸಿದ ತಾಯಿ ಅವನಿಗೂ ಒಬ್ಬಳು ಇದ್ದಳಲ್ಲ.

ಜಮೀಲಾ ಅವತ್ತೇ ತನ್ನ ದಿಂಬು ತೆಗೆದುಕೊಂಡು ಪಕ್ಕದ ಮನೆಯ ಖಾಲ್ತಿ ದೂಜಾಳ ಹತ್ತಿರ ಹೋದಳು. ಖಾಲ್ತಿ ಎಂದರೆ ನಮ್ಮಲ್ಲಿ ಚಿಕ್ಕಮ್ಮ. ಆ ಮುದುಕಿ ಓಣಿಗೆಲ್ಲ ಚಿಕ್ಕಮ್ಮ. ಎರಡು ದಿನ ಅಲ್ಲೇ ಉಂಡಳು. ಕರೆಯಲು ಹೋದರೆ, “ನಾನು ಪಕ್ಕದ ಮನೆಯವಳಲ್ವಾ,” ಎಂದಳು. ಇವರು ಕೇಳಿದರೆ ದೂಜಾಳ ಕಾಲು ನೋವು, ಸಹಾಯಕ್ಕೆ ಕಳಿಸಿದ್ದೇನೆ ಎಂದೆ. ಅದು ಎರಡನೆಯ ಸುಳ್ಳು.

ಎಲ್ಲ ಮನೆ ಮುಗಿದ ಮೇಲೆ ಇವರು ಊಟದ ಮೇಜಿನ ಮೇಲೆ ಚೌಕದ ಕಾಗದ ಹಾಸಿಕೊಂಡು ಕಂಬ ಬರೆದರು. ಒಂದು ಮಗುವಿನ ಮನೆಗಳಿಗೆ ಒಂದು ಕಂಬ, ಎರಡಕ್ಕೆ ಒಂದು, ಹೀಗೆ. ಮನೆ ಹೆಚ್ಚಿದ್ದಷ್ಟೂ ಕಂಬ ಎತ್ತರ. ಮೂರರದು ಎತ್ತರ. ನಾಲ್ಕರದು ಇನ್ನೂ ಎತ್ತರ, ಮಸೀದಿಯ ಗೋಪುರದಂತೆ. ಆರರದೂ ಅಷ್ಟೇ. ನಡುವೆ ಏನೂ ಇಲ್ಲ. ಮುಂದಿನ ಹಲ್ಲು ಬಿದ್ದ ಬಾಯಿ.

ಪೂರ್ತಿ ಏನೂ ಇಲ್ಲ ಎಂದಲ್ಲ. ಎರಡು ಮನೆ ಇದ್ದವು. ಒಂದು ದೋಣಿ ರಿಪೇರಿ ಮಾಡುವ ಇಟಲಿಯವನದು. ಇನ್ನೊಂದು ಕಸಾಯಿಯ ಹೆಂಡತಿಯದು. ಆ ಹೆಂಗಸಿನ ಕಣ್ಣಿಗೇ ಊರೆಲ್ಲ ಹೆದರುತ್ತಿತ್ತು. ಅವಳು ಯಾರಿಗೆ ಹೆದರಬೇಕು?

“ವಿಚಿತ್ರ,” ಎಂದರು ಇವರು. “ನಾಲ್ಕಾದ ಮೇಲೆ ಎಲ್ಲರೂ ನೇರವಾಗಿ ಆರಕ್ಕೆ ಹೋಗ್ತಾರೆ.”

ನಾನು ಅಡುಗೆಮನೆಯ ಬಾಗಿಲಿನಿಂದ ಆ ಕಾಗದ ನೋಡಿದೆ. ಊರಿನ ಹೆಂಗಸರೆಲ್ಲ ಅರ್ಧ ತೆಗೆದ ಬಾಗಿಲಲ್ಲಿ ನಿಂತು ಏನು ಮಾಡಿದ್ದಾರೆ ಎಂದು ಆ ಹಲ್ಲಿಲ್ಲದ ಬಾಯಿ ನನಗೆ ಹೇಳಿಬಿಟ್ಟಿತು. ಅರ್ಧ ಜನ ಒಂದನ್ನು ಬಚ್ಚಿಟ್ಟಿದ್ದಾರೆ, ಅರ್ಧ ಜನ ಒಂದನ್ನು ಕೂಡಿಸಿದ್ದಾರೆ.

“ಜನ ಸುಳ್ಳು ಹೇಳಿರಬಹುದು,” ಎಂದೆ, ಅಡುಗೆಮನೆಯಿಂದಲೇ.

“ಜನ ನನಗೆ ಸುಳ್ಳು ಹೇಳ್ತಾರೆ. ಕಾಗದಕ್ಕೆ ಹೇಳೋಲ್ಲ.”

ನಾನು ಬಾಯಿ ಮುಚ್ಚಿಕೊಂಡೆ. ಅವರು ಹೊಡೆಯುತ್ತಾರೆ ಎಂದಲ್ಲ. ಒಂದು ದಿನವೂ ಕೈ ಎತ್ತಿದವರಲ್ಲ. ನಾನೂ ಕಾಗದಕ್ಕೆ ಸುಳ್ಳು ಹೇಳಿದೆ ಎಂದರೆ ಅವರು ನನ್ನನ್ನು ನೋಡುವ ನೋಟ ಇರುತ್ತದಲ್ಲ, ಅದು ಬೇಡವಾಗಿತ್ತು.

ಕಾಗದ ರಾಜಧಾನಿಗೆ ಹೋಯಿತು. ಅಲ್ಲಿಯ ಒಬ್ಬ ದೊಡ್ಡ ವಿದ್ವಾಂಸರು ಆ ಬಿದ್ದ ಹಲ್ಲನ್ನು ನೋಡಿ ಕುಣಿದಾಡಿದರಂತೆ. ನಾಲ್ಕರಿಂದ ಆರಕ್ಕೆ ಹಾರುವುದು ಎಂದರೆ ಅವಳಿ. ಮಹ್ದಿಯಾದಲ್ಲಿ ಅವಳಿ ಯಾಕೆ? ಸಮುದ್ರದ ಊರು, ಆಕ್ಟೋಪಸ್ ತಿನ್ನುತ್ತಾರೆ. ಯಾವ ಮನೆಯಲ್ಲಿ ವಾರಕ್ಕೆ ಎಷ್ಟು ಆಕ್ಟೋಪಸ್ ತಿನ್ನುತ್ತಾರೆ, ವಿಚಾರಿಸಿ ಕಳಿಸಿ ಎಂದು ಪತ್ರ ಬಂತು. ಇವರು ಮತ್ತೆ ಹೊರಟರು. ಆರು ಮಕ್ಕಳ ಮನೆಯವರು ನಾಲ್ಕು ಮಕ್ಕಳ ಮನೆಯವರಿಗಿಂತ ಹೆಚ್ಚು ತಿನ್ನುತ್ತಾರೆ ಎಂದು ಬಂತು. ಇವರ ಮುಖ ಅರಳಿತು.

“ನೋಡು ಮಬ್ರೂಕಾ, ಎರಡೂ ಒಟ್ಟಿಗೇ ಏರ್ತಾ ಇವೆ!”

“ಸೀ ತಿಜಾನಿ,” ಎಂದೆ, “ಆಕ್ಟೋಪಸ್ ತಿಂದು ಮಕ್ಕಳು ಜಾಸ್ತಿ ಆದ್ವೋ, ಮಕ್ಕಳು ಜಾಸ್ತಿ ಇರೋದಕ್ಕೆ ಆಕ್ಟೋಪಸ್ ಜಾಸ್ತಿ ಬೇಕಾಯ್ತೋ?”

ಅವರು ತುತ್ತು ಬಾಯಲ್ಲಿಟ್ಟುಕೊಂಡು ಕೂತರು. ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಆಮೇಲೆ ಎದ್ದು ಹೋಗಿ ರಾಜಧಾನಿಗೆ ಇನ್ನೊಂದು ಪತ್ರ ಬರೆದರು. ಅಷ್ಟರಲ್ಲಿ ವಿದ್ವಾಂಸರ ವರದಿ ಅಚ್ಚಾಗಿತ್ತು.

ಎಲ್ಲರೂ ಅವಳಿಯನ್ನು ನಂಬಲಿಲ್ಲ. ಕಚೇರಿಯ ಮೇಲಿನವರು ಯಾರೋ, ಇಷ್ಟು ಅವಳಿ ಆಸ್ಪತ್ರೆಯ ಪುಸ್ತಕದಲ್ಲಿ ಇಲ್ಲವಲ್ಲ ಎಂದರು. ತಪಾಸಣೆಗೆ ಸೀ ಹಮ್ಮಾದಿ ಎಂಬ ಅಧಿಕಾರಿ ಬಂದರು. ಬೋಳು ತಲೆ, ದಪ್ಪ ಕನ್ನಡಕ, ಸಿಡುಕ. ಬುಧವಾರ ಬಂದವರು ಕಚೇರಿಯಲ್ಲಿ ಎಲ್ಲರ ಮುಂದೆ ಹೇಳಿದರಂತೆ: “ಈ ಕಾಗದಗಳನ್ನ ನೀನು ಕಾಫಿ ಅಂಗಡೀಲಿ ಕೂತು ತುಂಬಿದ್ದೀಯ. ಮನಸ್ಸಿನಿಂದ ಅಂಕಿ ಹುಟ್ಟಿಸೋರು ಐದು, ಹತ್ತು ಬರೆಯೋಲ್ಲ. ಸುಳ್ಳು ಕಾಣುತ್ತೆ ಅಂತ ಆಚೆ ಈಚೆ ಬರೀತಾರೆ. ಇಪ್ಪತ್ತು ವರ್ಷದಲ್ಲಿ ಇಂಥವರನ್ನ ಬೇಕಾದಷ್ಟು ಹಿಡಿದಿದ್ದೀನಿ. ಶನಿವಾರ ನಾನು ವಾಪಸ್ ಹೋಗೋವಾಗ ನಿನ್ನನ್ನ ಕೆಲಸದಿಂದ ತೆಗೆದ ಕಾಗದಕ್ಕೆ ಸಹಿ ಹಾಕಿ ಹೋಗ್ತೀನಿ.”

ಕಚೇರಿಯಲ್ಲಿ ಹತ್ತು ಜನ ಇದ್ದರು. ಸಂಜೆಯೊಳಗೆ ಬಂದರಿನವರೆಗೂ ಸುದ್ದಿ ಹೋಯಿತು. ಬಲೆ ಹೆಣೆಯುವವರಿಗೆ ಬೇರೆ ಏನು ಕೆಲಸ.

ಇವರು ಮನೆಗೆ ಬಂದು ಗೋಡೆಗೆ ಒರಗಿ ಕೂತರು. ನಾಯಿ ಕಚ್ಚಿದ ಗಾಯವನ್ನು ಸವರಿಕೊಳ್ಳುತ್ತಿದ್ದರು. “ಕೆಲಸ ಹೋದ್ರೆ ಹೋಗ್ಲಿ, ಬಲೆ ಎಳೀತೀನಿ. ಆದ್ರೆ ಸುಳ್ಳು ಬರೆದವನು ಅಂತ ಹೆಸರು ಉಳಿಯುತ್ತಲ್ಲ, ಮಬ್ರೂಕಾ.”

ಆಗಲೂ ನಾನು ಹೇಳಲಿಲ್ಲ. ಬಾಯಿ ತೆರೆದೆ. “ಸೂಪು ತರಲಾ?” ಎಂದೆ.

ಶುಕ್ರವಾರ ಮಧ್ಯಾಹ್ನ ಆ ಅಧಿಕಾರಿಯನ್ನೇ ಊಟಕ್ಕೆ ಕರೆದುಕೊಂಡು ಬಂದರು. ಪರಸ್ಥಳದಿಂದ ಬಂದವನು ಹೋಟೆಲಿನಲ್ಲಿ ತಿನ್ನುವುದು ಇವರಿಗೆ ಸರಿ ಕಾಣಲಿಲ್ಲವಂತೆ. ಅತ್ತೆ ಕೇಳಿದರು, “ನಿನ್ನ ಅನ್ನ ಕಿತ್ಕೊಳ್ಳೋನಿಗೆ ಅನ್ನ ಹಾಕ್ತೀಯೇನೋ?” ಇವರು, “ನಾಳೆ ಕಿತ್ಕೊಳ್ತಾರೆ, ಅಮ್ಮಾ. ಇವತ್ತು ಅತಿಥಿ,” ಎಂದರು.

ನಾನು ಆಕ್ಟೋಪಸ್ ಹಾಕಿ ಕುಸ್‌ಕುಸ್ ಮಾಡಿದೆ. ಖಾರ ಸ್ವಲ್ಪ ಜಾಸ್ತಿಯೇ ಹಾಕಿದೆ. ಸೀ ಹಮ್ಮಾದಿ ಬೆವರು ಒರೆಸಿಕೊಳ್ಳುತ್ತ ಮೂರು ಸಲ ಹಾಕಿಸಿಕೊಂಡರು. ಚಹಾ ಬಂದಾಗ ಚೀಲದಿಂದ ಕಾಗದಗಳ ಕಟ್ಟು ತೆಗೆದರು.

“ತಿಜಾನಿ, ನಿನ್ನ ಮನೆ ಊಟ ಉಂಡಿದ್ದೀನಿ. ಅದಕ್ಕೆ ಇನ್ನೊಂದು ಅವಕಾಶ. ನಿನ್ನ ಸ್ವಂತ ಮನೆ ಕಾಗದ ಇಲ್ಲಿದೆ, ಇದನ್ನ ನೀನು ಬರೆದಿದ್ದಲ್ಲ. ಇದೊಂದು ಸರಿ ಇರಬೇಕು. ಮಕ್ಕಳು, ನಾಲ್ಕು.”

“ನಾಲ್ಕಾ?” ಎಂದರು ಇವರು.

ಸಾಲ್ಹಾ ಸಕ್ಕರೆ ತಂದಿಟ್ಟಳು. ಸೀ ಹಮ್ಮಾದಿ ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. ರಿಧಾ ನೀರು ತಂದ, ಇನ್ನೊಂದು ಚುಕ್ಕಿ. ನಾಜಿ, ಹಯಾತ್ ಬಾದಾಮಿಗಾಗಿ ಹೊಡೆದಾಡುತ್ತ ಬಂದರು, ಎರಡು ಚುಕ್ಕಿ. ನಾನು ಅಡುಗೆಮನೆಯಿಂದ ಜಮೀಲಾಗೆ ಹೋಗಬೇಡ ಎಂದು ಕಣ್ಣು ಬಿಟ್ಟೆ. ಅವಳು ನನ್ನನ್ನು ನೋಡಿಕೊಂಡೇ ನಡುಕೋಣೆಗೆ ಹೋಗಿ ಅತಿಥಿಯ ಮುಂದೆ ನಿಂತಳು.

“ನೀನು ಯಾರಮ್ಮ?” ಎಂದು ಸೀ ಹಮ್ಮಾದಿ ಕೇಳಿದರು.

“ಪಕ್ಕದ ಮನೆಯವಳು,” ಎಂದಳು ಜಮೀಲಾ.

“ಪಕ್ಕದ ಮನೆಯವಳಾ!” ಇವರು ಎದ್ದು ನಿಂತರು. “ನನ್ನ ಮಗಳು ಇವಳು! ಸೀ ಹಮ್ಮಾದಿ, ನನ್ನ ಮಗಳು! ನನಗೆ ಐದು ಮಕ್ಕಳು, ಐದು!” ಎಂದು ಬೆರಳು ಬಿಡಿಸಿದ ಕೈಯನ್ನು ಅಧಿಕಾರಿಯ ಮೂಗಿನ ಮುಂದೆ ಹಿಡಿದರು.

ಅತ್ತೆ ದೃಷ್ಟಿ ತಾಗದಿರಲಿ ಎಂದು ತಮ್ಮ ಎದೆಗೆ ಮೂರು ಸಲ ಉಗಿದುಕೊಂಡರು. ಸೀ ಹಮ್ಮಾದಿ ಹಿಂದಕ್ಕೆ ಬಾಗಿದ ರಭಸಕ್ಕೆ ಕನ್ನಡಕ ಚಹಾದಲ್ಲಿ ಬಿತ್ತು. ರಾಜಧಾನಿಯವರಾದರೇನು, ಅವರೂ ಒಬ್ಬ ಅಜ್ಜಿಯ ತೊಡೆಯ ಮೇಲೆ ಬೆಳೆದವರೇ. ಮುಖಕ್ಕೆ ಅಂಗೈ ಚಾಚಿಸಿಕೊಂಡು ಸುಮ್ಮನಿರುವ ಗಂಡಸು ನಮ್ಮ ದೇಶದಲ್ಲಿಲ್ಲ.

“ನನ್ನ ಕಣ್ಣು ಕೆಟ್ಟದಾ?” ಎಂದರು. ಚಹಾದಿಂದ ಕನ್ನಡಕ ಎತ್ತಿಕೊಂಡರು. “ನಿನ್ನ ಮನೇಲಿ ಉಂಡವನ ಕಣ್ಣು?”

ಇವರಿಗೆ ಆಗ ತಮ್ಮ ಕೈ ಎಲ್ಲಿದೆ ಎಂದು ಗೊತ್ತಾಯಿತು. ಅದನ್ನು ಎಲ್ಲಿ ಇಡುವುದು ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

ನಾನು ಹೊರಗೆ ಬಂದೆ. ಇನ್ನು ಸೂಪು ತರಲಾ ಎಂದು ಕೇಳುವ ಹಾಗಿರಲಿಲ್ಲ.

“ನಾಲ್ಕು ಅಂದಿದ್ದು ನಾನು,” ಎಂದೆ. “ಇವರದೇನೂ ತಪ್ಪಿಲ್ಲ.”

ನನ್ನ ಗಂಡ ನನ್ನನ್ನು ನೋಡಿದರು. ಅದೇ ನೋಟ. ಇಷ್ಟು ತಿಂಗಳಿಂದ ನಾನು ತಪ್ಪಿಸಿಕೊಂಡದ್ದು.

“ಕಾಗದಕ್ಕಾ, ಮಬ್ರೂಕಾ?”

“ಕಾಗದಕ್ಕೇ.”

ಸೀ ಹಮ್ಮಾದಿ ಕನ್ನಡಕ ಒರೆಸುತ್ತ ಸಿಡುಕಿದರು. “ಯಾಕಮ್ಮ? ಸರ್ಕಾರ ನಿಮ್ಮ ಮಗಳನ್ನ ತಿಂದುಬಿಡುತ್ತಾ? ಎಷ್ಟು ಮಕ್ಕಳು ಅಂತ ಕೇಳಿದ್ರೆ ಇರೋದನ್ನ ಹೇಳೋಕೆ ಏನು ಕಷ್ಟ?”

“ಸೀ ಹಮ್ಮಾದಿ,” ಎಂದೆ, “ನಿಮಗೆಷ್ಟು ಮಕ್ಕಳು?”

“ಇದ್ದಾರೆ.”

“ಎಷ್ಟು?”

“ದೇವರು ಕೊಟ್ಟಷ್ಟು.”

“ಕಾಗದಕ್ಕೆ ಏನಂತ ಬರೀಬೇಕು?”

ಅವರು ಚಹಾ ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿದರು. ನನಗೆ ಪಾಪ ಅನ್ನಿಸಿತು. “ಹೋಗ್ಲಿ ಬಿಡಿ. ಹೆಸರೇನು ಮಕ್ಕಳದು?”

ಅವರ ಮುಖ ಸಡಿಲವಾಯಿತು. “ದೊಡ್ಡವಳು ಝೊಹೂರ್. ನರ್ಸು ಆಗಬೇಕು ಅಂತಾಳೆ. ಆಮೇಲೆ ಅನೀಸ್, ಅವನಿಗೆ ಫುಟ್‌ಬಾಲು ಬಿಟ್ರೆ ಏನೂ ಬೇಡ. ವಿಸಾಮ್. ರಫೀಕಾ. ಕೊನೇಗೆ ತೌಫೀಕ್, ಮೊನ್ನೆ ನಡ್ಯೋಕೆ ಕಲಿತ.”

ಜಮೀಲಾ ಗೋಡೆಯ ಹತ್ತಿರ ನಿಂತು ಒಂದು ಕೈಯ ಬೆರಳುಗಳನ್ನೆಲ್ಲ ಮಡಿಸಿಕೊಂಡಿದ್ದಳು. ಕೈ ಮುಷ್ಟಿಯಾಗಿತ್ತು. ಎಲ್ಲರೂ ಆ ಮುಷ್ಟಿಯನ್ನೇ ನೋಡಿದೆವು. ಯಾರೂ ಅಂಕಿ ಹೇಳಲಿಲ್ಲ.

ಮೊದಲು ನಕ್ಕವರು ನನ್ನ ಅತ್ತೆ. ಆಮೇಲೆ ಸೀ ಹಮ್ಮಾದಿ. ನನ್ನ ಗಂಡ ನಗಲಿಲ್ಲ. ಅವರು ಆಗಲೇ ಪೆನ್ಸಿಲು ಹುಡುಕುತ್ತಿದ್ದರು.

“ಎಷ್ಟು ಅಂತ ಕೇಳಬಾರದು,” ಎಂದರು. “ಹೆಸರು ಕೇಳಬೇಕು. ಎಣಿಸೋದು ನಮ್ಮ ಕೆಲಸ.”

ಶನಿವಾರ ಸೀ ಹಮ್ಮಾದಿ ಊರಿಗೆ ಹೋಗಲಿಲ್ಲ. ಚೀಟಿ ಎತ್ತಿ ಮೂವತ್ತು ಮನೆ ಆರಿಸಿದರು. ನಾಲ್ಕು ಎಂದ ಮನೆ ಹದಿನೈದು, ಆರು ಎಂದ ಮನೆ ಹದಿನೈದು. ಮೂರು ದಿನ ಇವರ ಜೊತೆಗೇ ಬಾಗಿಲು ತಟ್ಟಿದರು. ಹೆಂಗಸರಿಗೆ ಸಲೀಸಾಗಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಮಕ್ಕಳ ಹೆಸರು ಕೇಳಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಹೆಸರು, ಗುಣ, ಯಾರ ಮೂಗು ಯಾರ ಹಾಗೆ, ಯಾರು ಯಾವ ತಿಂಗಳು ನಡೆದರು, ಎಲ್ಲ ಬಂತು. ಬರೆದು ಬರೆದು ಸೀ ಹಮ್ಮಾದಿಯ ಪೆನ್ನಿನ ಮಸಿ ಮುಗಿಯಿತು.

ಖಾಲ್ತಿ ದೂಜಾಳ ಮನೆ ನಮ್ಮ ಪಕ್ಕವಾದರೂ ಬಾಗಿಲು ಹಿಂದಿನ ಓಣಿಗೆ, ಆ ಓಣಿಯ ಲೆಕ್ಕದಲ್ಲಿ ಅವಳದೂ ಹತ್ತನೆಯದು; ಆರು ಎಂದು ಬರೆಸಿದ್ದಳು. ಹೊಸ್ತಿಲ ಮೇಲೆ ಕೂತು ಹೇಳಿದಳು: “ಮೊದಲನೆಯವನು ಅಮ್ಮಾರ್. ಆಮೇಲೆ…”

“ಅಮ್ಮಾರ್ ಎಲ್ಲಿದ್ದಾನೆ, ಖಾಲ್ತಿ?” ಎಂದು ಸೀ ಹಮ್ಮಾದಿ ಕೇಳಿದರು.

“ದೀಪಸ್ತಂಭದ ಹತ್ತಿರ. ಸಮುದ್ರದ ಕಡೆ.”

ಅಲ್ಲಿ ನಮ್ಮ ಊರಿನ ಗೋರಿಗಳಿವೆ. ಸೀ ಹಮ್ಮಾದಿಗೆ ಅದು ಗೊತ್ತಿರಲಿಲ್ಲ. ವಿಳಾಸ ಬರೆಯಲು ಹೋದರು. ನನ್ನ ಗಂಡ ಮೆಲ್ಲಗೆ ಅವರ ಕೈ ಹಿಡಿದರು. ದೂಜಾ ಅವರಿಬ್ಬರನ್ನೂ ನೋಡಿದಳು.

“ಕಾಗದಕ್ಕೆ ಬೇಡವಾದ್ರೆ ಬಿಡಿ, ತಿಜಾನಿ. ನೀವು ಕೇಳಿದ್ದಕ್ಕೆ ಹೇಳಿದೆ.”

ಮೂವತ್ತು ಮನೆಯಲ್ಲಿ ಹದಿಮೂರು ಮನೆಯ ಹೆಸರುಗಳು ಕೈಯಷ್ಟೇ ಬಂದವು. ಇವರು ಊಟದ ಮೇಜಿನ ಮೇಲೆ ಹೊಸ ಕಂಬ ಬರೆದರು. ಹಲ್ಲು ಬಂದಿತ್ತು. ಸೀ ಹಮ್ಮಾದಿ ಸಹಿ ಹಾಕಬೇಕಾಗಿದ್ದ ಕಾಗದವನ್ನು ನಾಲ್ಕು ತುಂಡು ಮಾಡಿ, ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೋದರು. ನೌಕರಿ ಉಳಿಯಿತು.

ಹೆಸರು ಉಳಿಯಲಿಲ್ಲ. ಬುಧವಾರ ಹತ್ತು ಜನರ ಮುಂದೆ ಆಡಿದ ಮಾತು ಬಂದರಿಗೆ ಹೋಗಿತ್ತು. ಅದನ್ನು ವಾಪಸ್ ತೆಗೆದುಕೊಂಡದ್ದು ನಮ್ಮ ನಡುಕೋಣೆಯಲ್ಲಿ, ಆರೇಳು ಜನರ ಮುಂದೆ. ಅದರಲ್ಲಿ ಅರ್ಧ ಮಕ್ಕಳು. ಅಚ್ಚಾದ ವರದಿಯೂ ಅಚ್ಚಾಗಿಯೇ ಉಳಿಯಿತು. ಮಹ್ದಿಯಾದವರಿಗೆ ಆಕ್ಟೋಪಸ್‌ನಿಂದ ಅವಳಿ ಹುಟ್ಟುತ್ತವೆ ಎಂದು ಹತ್ತು ವರ್ಷದ ಮೇಲೆ ರೇಡಿಯೋದಲ್ಲಿ ಯಾರೋ ಹೇಳಿದರು. ಇವರು ರೇಡಿಯೋ ಆರಿಸಿ ಅಂಗಳಕ್ಕೆ ಹೋಗಿ ನಿಂತರು.

ನನ್ನ ಮೇಲೆ ಎಷ್ಟು ದಿನ ಸಿಟ್ಟಿದ್ದರು ಎಂದು ಕೇಳಬಹುದು. ಅವರ ಪುಸ್ತಕದಲ್ಲೇ ಇದೆ. ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಸ್ಲೇಟು ತಂದು ನನ್ನ ಮುಂದೆ ಇಟ್ಟು, “ಆ ಅಂಕಿ ಬರಿ,” ಎಂದರು. ಬರೆದೆ. “ಪಕ್ಕದಲ್ಲಿ ಮಕ್ಕಳು ಅಂತ ಬರಿ.” ಬರೆಯಲಿಲ್ಲ. ಅವರು ಸ್ಲೇಟು ಒರೆಸಿ, “ಹಟಮಾರಿ,” ಎಂದರು. ಮಾತು ಶುರುವಾಯಿತು.

ಕಳೆದ ತಿಂಗಳು ಎಣಿಕೆಯವರು ಮತ್ತೆ ಬಂದರು. ಈಗ ಹುಡುಗಿಯರು ಬರುತ್ತಾರೆ. ಕೈಯಲ್ಲಿ ಕಾಗದ ಇಲ್ಲ, ಬೆಳಗುವ ಹಲಗೆ. ನಾನು ರಿಧಾನ ಮನೆಯಲ್ಲಿ ಇದ್ದೇನೆ. ಅವನೂ ಸೊಸೆಯೂ ಕೆಲಸಕ್ಕೆ ಹೋಗಿದ್ದರು.

“ಖಾಲ್ತಿ, ಮನೇಲಿರೋರ ಹೆಸರು ಹೇಳಿ. ಒಬ್ಬೊಬ್ಬರಾಗಿ.”

ಎಷ್ಟು ಜನ ಎಂದು ಕೇಳಲಿಲ್ಲ. ಅದಕ್ಕೇ ನಾನು ಮೈಮರೆತೆ.

“ತಿಜಾನಿ,” ಎಂದೆ. ಆಮೇಲೆ ನನ್ನ ಹೆಸರು, ರಿಧಾ, ಸೊಸೆ, ಮೊಮ್ಮಕ್ಕಳು.

ಹುಡುಗಿ ಬೆರಳಿನಿಂದ ಒತ್ತಿಕೊಂಡು, ಸಲಾಂ ಹೇಳಿ ಹೋದಳು. ಬಾಗಿಲು ಹಾಕಿದ ಮೇಲೆ ಗೊತ್ತಾಯಿತು. ಗೊತ್ತಾದರೂ ಕೂಗಿ ಕರೆಯಲಿಲ್ಲ. ಒಂದು ದಿನ ಇರಲಿ ಎಂದು ಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಕಚೇರಿಗೆ ಹೋದೆ. ಅದೇ ಮೆಟ್ಟಿಲು, ಅದೇ ಹಸಿರು ಬಾಗಿಲು. ಆ ಹುಡುಗಿ ಅಲ್ಲೇ ಇದ್ದಳು.

“ನಮ್ಮ ಮನೆ ಲೆಕ್ಕದಲ್ಲಿ ಒಂದು ಜಾಸ್ತಿ ಆಗಿದೆ, ಮಗಳೇ. ಅಳಿಸು.”

“ಯಾವುದು, ಖಾಲ್ತಿ?”

“ಮೊದಲನೇದು.”

ಅವಳು ಹೆಸರು ಓದಿದಳು. ನನ್ನ ಮುಖ ನೋಡಿದಳು. “ಇರಲಿ ಬಿಡಿ, ಖಾಲ್ತಿ. ಒಂದರಿಂದ ಸರಾಸರಿ ಏನೂ ಬದಲಾಗೋಲ್ಲ.”

“ಅಳಿಸು,” ಎಂದೆ. “ಅವರಿಗೆ ಗೊತ್ತಾಗುತ್ತೆ.”